ಪಾಲು ಎಣಿಸುವ ಮೊದಲು ಆಸ್ತಿಯ ಮೂಲ ಬರೆಯಿರಿ

ಪಾಲಿಗೆ ಕೂತ ಮನೆಗಳಲ್ಲಿ ಮಾತು ಹೆಚ್ಚಾಗಿ ಕೆಡುವುದು ಒಂದೇ ಪ್ರಶ್ನೆಗೆ: ಇದು ಯಾರ ದುಡ್ಡಲ್ಲಿ ಬಂದ ಆಸ್ತಿ? ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಪ್ರತಿ ಜಮೀನು, ಸೈಟು, ಮನೆಯ ಎದುರು ಅದು ಯಾವ ವರ್ಷ, ಯಾರ ಹೆಸರಿಗೆ, ಯಾವ ಹಣದಿಂದ ಬಂತು ಎಂದು ಬರೆಯಿರಿ. ಮನೆಮಂದಿಗಾಗಿ ಮಾಡಿದ ಸಾಲವನ್ನೂ ಬರೆಯಿರಿ, ಅದಕ್ಕೂ ಪಾಲುಂಟು.

ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ), ಹಳೆಯ ಕ್ರಯಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ವಂಶವೃಕ್ಷ ಒಟ್ಟುಮಾಡಿ. ಖಾತೆ ಅಣ್ಣನ ಹೆಸರಲ್ಲಿದೆ ಎಂದ ಮಾತ್ರಕ್ಕೆ ಆಸ್ತಿ ಅವನೊಬ್ಬನದಾಗದು. ಖಾತೆ ಇರುವುದು ತೆರಿಗೆ ವಸೂಲಿಗೆ.

ಈಗ ವಿಂಗಡಣೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಕುಟುಂಬದಲ್ಲಿ ಪಿತ್ರಾರ್ಜಿತಕ್ಕೆ ಮಗಳೂ ಮಗನಷ್ಟೇ ಹುಟ್ಟಿನಿಂದ ಹಕ್ಕುದಾರಳು. ಈ ಹಕ್ಕು ಕೊಟ್ಟ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟಿನ ತೀರ್ಪಿನಿಂದಲೋ ಆದ ವಿಭಾಗವನ್ನು ಇದು ಕೆದಕುವುದಿಲ್ಲ.

ತಂದೆಯ ಸ್ವಯಾರ್ಜಿತದ ಲೆಕ್ಕ ಬೇರೆ. ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳು ಮತ್ತು ತಂದೆಯ ತಾಯಿಗೆ ಸಮಪಾಲು. ಅಜ್ಜಿ ಬದುಕಿದ್ದರೂ ಅವರನ್ನು ಲೆಕ್ಕಕ್ಕೆ ಹಿಡಿಯದೆ ಕಾಗದ ಬರೆಯುವವರು ಎಷ್ಟೋ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ತಂದೆಗಿಂತ ಮೊದಲೇ ತೀರಿಕೊಂಡ ಮಗನ ಪಾಲು ಅವನ ಹೆಂಡತಿ ಮಕ್ಕಳಿಗೆ ಸೇರುತ್ತದೆ.

ಕಷ್ಟವೆಲ್ಲ ಇರುವುದು ಕೂಡಿ ಗಳಿಸಿದ್ದರಲ್ಲಿ. ತಮ್ಮನೊಬ್ಬ ತನ್ನ ನೌಕರಿಯ ಸಂಬಳದಲ್ಲಿ ಕೊಂಡ ಸೈಟು, ಅವನು ಕೂಡುಕುಟುಂಬದಲ್ಲಿ ಇದ್ದಾನೆಂಬ ಕಾರಣಕ್ಕೆ ಎಲ್ಲರದಾಗುವುದಿಲ್ಲ. ಅದು ಒಟ್ಟು ಮನೆತನದ್ದು ಎನ್ನುವವರು, ಅದನ್ನು ಕೊಳ್ಳುವಷ್ಟು ಆದಾಯ ಕುಟುಂಬದ ಆಸ್ತಿಯಿಂದ ಬರುತ್ತಿತ್ತೆಂದು ಮೊದಲು ತೋರಿಸಬೇಕು. ತೋರಿಸಿದರೆ, ಸ್ವಂತ ದುಡ್ಡಿನದೆಂದು ಸಾಬೀತುಪಡಿಸುವ ಹೊರೆ ತಮ್ಮನ ಮೇಲೆ ಬೀಳುತ್ತದೆ. ಇಬ್ಬರ ಹೆಸರಲ್ಲಿ ತಮ್ಮ ತಮ್ಮ ಹಣ ಹಾಕಿ ಕೊಂಡಿದ್ದರೆ ಹಾಕಿದಷ್ಟಕ್ಕೆ ಪಾಲು. ಲೆಕ್ಕ ಸಿಗದಿದ್ದರೆ ಸರಿಸಮ. ಹಳೆಯ ಪಾಸ್‌ಬುಕ್ ಎಸೆಯಬೇಡಿ ಎನ್ನುವುದು ಇದಕ್ಕೇ.

ಒಪ್ಪಂದವಾದರೆ ವಿಭಾಗ ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿಯಾಗದ ಬರೀ ಪಾಲುಪಟ್ಟಿ ನಂಬಿ ಕೂರಬೇಡಿ. ಒಂದೇ ಸರ್ವೆ ನಂಬರಿನ ಜಮೀನು ತುಂಡಾಗುವುದಾದರೆ ಮೊದಲೇ 11ಇ ನಕ್ಷೆ (ತುಂಡುಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ. ಅಕ್ಕತಂಗಿಯರು ಪಾಲು ಬಿಡುವುದಾದರೆ ಹಕ್ಕುಬಿಡುಗಡೆ ಪತ್ರವನ್ನು ಓದಿ ಹೇಳಿ, ಅರ್ಥವಾದ ಮೇಲೆ ಸಹಿ ಪಡೆಯಿರಿ. ಹಬ್ಬಕ್ಕೆ ಬಂದವಳ ಕೈಗೆ ಪೆನ್ನು ಕೊಟ್ಟು ಅವಸರ ಮಾಡುವುದು ಅನ್ಯಾಯ, ಮುಂದೆ ಕೇಸಿಗೂ ಅದೇ ದಾರಿ.

ಒಪ್ಪಂದ ಆಗದಿದ್ದರೆ ವಕೀಲರ ಮೂಲಕ ವಿಭಾಗದ ದಾವೆ. ನಿಮ್ಮನ್ನು ಪಾಲಿನಿಂದ ಹೊರಗಿಟ್ಟಿದ್ದಾರೆಂದು ತಿಳಿದ 12 ವರ್ಷದೊಳಗೆ ಹೂಡಬೇಕು. ಮೊದಲು ಪ್ರಾಥಮಿಕ ಡಿಕ್ರಿಯಲ್ಲಿ (ಕೋರ್ಟಿನ ತೀರ್ಪಿನ ಆದೇಶ) ಯಾರಿಗೆ ಎಷ್ಟೆಂದು ನಿರ್ಣಯವಾಗುತ್ತದೆ. ಜಾಗ ಅಳೆದು ಹಂಚುವುದು ಆಮೇಲಿನ ಅಂತಿಮ ಡಿಕ್ರಿಯ ಹಂತದಲ್ಲಿ. ನಡುವೆ ಯಾವಾಗ ಬೇಕಾದರೂ ಮಧ್ಯಸ್ಥಿಕೆ ಕೇಂದ್ರಕ್ಕೋ ಲೋಕ ಅದಾಲತ್‌ಗೋ ಕಳಿಸಿರೆಂದು ಕೇಳಬಹುದು. ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಮೇಲ್ಮನವಿ ಇಲ್ಲ, ಹಾಗಾಗಿ ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ), ದಾರಿ, ಬಾವಿಯ ನೀರಿನ ಸರದಿ ಎಲ್ಲವನ್ನೂ ಸಹಿಗೆ ಮೊದಲೇ ಬರೆಸಿಕೊಳ್ಳಿ.