ಹದಿನೈದು ವ್ಯಾಟ್‌ನೊಳಗಿನ ಆಟ: ಕೈಯಲ್ಲಿ ಹಿಡಿಯುವ ಗೇಮಿಂಗ್ ಪಿಸಿಯೊಂದಿಗೆ ನನ್ನ ಅನುಭವ

2022ರ ಫೆಬ್ರವರಿಯಲ್ಲಿ ವಾಲ್ವ್ ಸಂಸ್ಥೆಯ ಸ್ಟೀಮ್ ಡೆಕ್ ಬಂದ ಮೇಲೆ, ಮೇಜಿನ ಮೇಲಿನ ಪಿಸಿಯ ಆಟಗಳನ್ನು ಕೈಯಲ್ಲಿ ಹಿಡಿದೇ ಆಡಬಹುದೆಂಬ ನಂಬಿಕೆ ಗಟ್ಟಿಯಾಯಿತು. ಅದು ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ಬಾರದಿದ್ದ ಕಾರಣ, 2023ರಲ್ಲಿ ಏಸಸ್ 69,990 ರೂಪಾಯಿಗೆ ಇಲ್ಲಿ ಬಿಡುಗಡೆ ಮಾಡಿದ ಅಂಥದೇ ಯಂತ್ರ ಆರ್‌ಒಜಿ ಅಲೈಯನ್ನು ನಾನು ಕೊಂಡೆ. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗದ ಮೆಟ್ರೊ ಪ್ರಯಾಣ ಗಂಟೆಯ ಆಸುಪಾಸಿನದು. ಸೀಟು ಸಿಕ್ಕ ದಿನ ಆ ಹೊತ್ತನ್ನು ಆಟಕ್ಕೆ ಕೊಡಬೇಕೆಂಬುದು ನನ್ನ ಆಸೆಯಾಗಿತ್ತು.

ಇಲ್ಲಿ ಎಲ್ಲವೂ ನಿಂತಿರುವುದು ವ್ಯಾಟ್ ಲೆಕ್ಕದ ಮೇಲೆ. ಬ್ಯಾಟರಿ 40 ವ್ಯಾಟ್-ಅವರ್‌ನದು, ಅಂದರೆ 40 ವ್ಯಾಟ್ ಎಳೆದರೆ ಒಂದು ಗಂಟೆ ಬಾಳುವಂಥದ್ದು. ಹೆಚ್ಚು ವೇಗದ ಟರ್ಬೊ ಮೋಡ್‌ನಲ್ಲಿ ಚಿಪ್ ಒಂದೇ 25 ವ್ಯಾಟ್ ಎಳೆಯುತ್ತದೆ. ಪರದೆ, ಫ್ಯಾನ್, ಮೆಮೊರಿಗಳ ಪಾಲು ಸೇರಿದರೆ ಒಂದು ಗಂಟೆ ದಾಟುತ್ತಿದ್ದಂತೆ ಬ್ಯಾಟರಿ ಬರಿದಾಗುತ್ತದೆ. ಆದ್ದರಿಂದ ನಾನು ಚಿಪ್ಪಿನ ಮಿತಿಯನ್ನು 15 ವ್ಯಾಟ್‌ಗೆ ಇಳಿಸಿದೆ. ಚಿಪ್ಪಿನ ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ವಿದ್ಯುತ್ ಬಳಕೆಯೋ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹಾಗಾಗಿ ಆ ಕೊನೆಯ ಹತ್ತು ವ್ಯಾಟ್‌ಗಳು ಎಳೆಯುವಷ್ಟನ್ನು ಆಟಕ್ಕೆ ಮರಳಿಸುವುದಿಲ್ಲ.

ಬಳಿಕ ಫ್ರೇಮ್ ಮಿತಿಯನ್ನು, ಅಂದರೆ ಆಟ ಸೆಕೆಂಡಿಗೆ ಮೂಡಿಸುವ ಚಿತ್ರಗಳ ಸಂಖ್ಯೆಯನ್ನು, 40ಕ್ಕೆ ಕಟ್ಟಿದೆ. ನನ್ನ ಮಟ್ಟಿಗೆ ಇದೇ ಅತ್ಯಂತ ಫಲ ಕೊಟ್ಟ ನಿರ್ಧಾರ. ಸೆಕೆಂಡಿಗೆ 30 ಫ್ರೇಮ್ ಇದ್ದಾಗ ಒಂದು ಚಿತ್ರ ಸುಮಾರು 33 ಮಿಲಿಸೆಕೆಂಡ್, 60 ಇದ್ದಾಗ ಸುಮಾರು 17 ಮಿಲಿಸೆಕೆಂಡ್ ನಿಲ್ಲುತ್ತದೆ. 40ರಲ್ಲಿ 25 ಮಿಲಿಸೆಕೆಂಡ್, ಅಂದರೆ ಸಮಯದ ಲೆಕ್ಕದಲ್ಲಿ ಎರಡರ ನಟ್ಟನಡುವೆ. ಪರದೆ ಸೆಕೆಂಡಿಗೆ 120 ಸಲ (120 ಹರ್ಟ್ಸ್) ಹೊಸದಾಗಿ ಮೂಡುತ್ತದೆ. ಆ ಸಂಖ್ಯೆ 40ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಪ್ರತಿ ಫ್ರೇಮ್ ಮೂರು ಸಲ ಸಮನಾಗಿ ಮೂಡುತ್ತದೆ, ಚಲನೆ ತೊಡರುವುದಿಲ್ಲ. ರೆಸಲ್ಯೂಶನ್ನನ್ನು 720ಪಿಗೆ ಇಳಿಸಿ ಎಫ್‌ಎಸ್‌ಆರ್ ಎಂಬ ಚಿತ್ರ ಹಿಗ್ಗಿಸುವ ತಂತ್ರದಿಂದ ದೊಡ್ಡದು ಮಾಡಿದರೆ ಏಳು ಇಂಚಿನ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಸಣ್ಣ ಅಕ್ಷರಗಳನ್ನು ಓದುವಾಗ ಮಾತ್ರ ಕಣ್ಣಿಗೆ ತುಸು ಶ್ರಮ.

ಪವರ್ ಗುಂಡಿಗೆ, ಆಟದ ಸ್ಥಿತಿಯನ್ನು ಉಳಿಸಿಕೊಂಡು ಯಂತ್ರವನ್ನು ಪೂರ್ತಿ ಆರಿಸುವ ಹೈಬರ್ನೇಟ್ ಹೊಂದಿಸಿದ್ದೇನೆ. ನಿಲ್ದಾಣ ಬಂದೊಡನೆ ಒತ್ತಿ ಚೀಲಕ್ಕೆ ಹಾಕಿದರೆ ಒಳಗೆ ಬಿಸಿಯೇರುವ ಭಯವಿಲ್ಲ. ಸಂಜೆಯ ಪ್ರಯಾಣಕ್ಕೆ ಕಚೇರಿಯಲ್ಲೇ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್‌ನಿಂದ ತುಂಬಿಸಿಕೊಳ್ಳುತ್ತೇನೆ. 2024ರ ಅಲೈ ಎಕ್ಸ್‌ನಲ್ಲಿ ಬ್ಯಾಟರಿ 80 ವ್ಯಾಟ್-ಅವರ್‌ಗೆ ಏರಿದೆ. ಹೊಸದಾಗಿ ಕೊಳ್ಳುವವರು ಚಿಪ್ಪಿನ ಹೆಸರಿಗಿಂತ ಮೊದಲು ಆ ಸಂಖ್ಯೆಯನ್ನೇ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.