ಹಲ್ಲುಸೆಟ್ಟು ಕಟ್ಟಿಸಿಕೊಂಡವರಿಗೆ: ಬಳಕೆ, ಶುಚಿ ಮತ್ತು ಕೆಲವು ತಪ್ಪು ತಿಳಿವಳಿಕೆಗಳು

ಮೈಸೂರು, ಮಂಡ್ಯ ಸೀಮೆಯಲ್ಲಿ ಹಲ್ಲುಸೆಟ್ಟು ಕಟ್ಟಿಸಿಕೊಂಡ ಹಿರಿಯರಿಂದ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ‘ಹಲ್ಲೇ ಇಲ್ಲ ಅಂದಮೇಲೆ ಹಲ್ಲು ಡಾಕ್ಟ್ರ ಹತ್ರ ಏನ್ ಕೆಲಸ’ ಎಂಬುದು ಒಂದು. ‘ಹೊಸ ಮೆಟ್ಟು ಕಚ್ಚಾಕಿಲ್ವಾ, ಹಂಗೇ ಇದೂವೆ, ಒಗ್ಗೋಯ್ತದೆ ಬುಡಿ’ ಎಂಬುದು ಇನ್ನೊಂದು. ಸೆಟ್ಟು ಒಮ್ಮೆ ಕೈಗೆ ಬಂದರೆ ಅಲ್ಲಿಗೆ ಕೆಲಸ ಮುಗಿಯಿತು ಎಂಬ ನಂಬಿಕೆಯೇ ಎರಡರ ಹಿಂದೆಯೂ ಇದೆ. ಹಲ್ಲು ಕೀಳಿಸಿದ ಮೇಲೆ ಅದನ್ನು ಹಿಡಿದುಕೊಂಡಿದ್ದ ದವಡೆಯ ಮೂಳೆ ಸವೆಯತೊಡಗುತ್ತದೆ. ಈ ಸವೆತ ಮೊದಲ ವರ್ಷ ಬಹಳ ವೇಗವಾಗಿರುತ್ತದೆ, ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ಮೇಲಿನ ದವಡೆಗಿಂತ ಕೆಳಗಿನದರಲ್ಲಿ ಹೆಚ್ಚು. ಅಕ್ರಿಲಿಕ್ ಸೆಟ್ಟಾದರೋ ಅಳತೆ ತೆಗೆದ ದಿನದ ಆಕಾರದಲ್ಲೇ ಉಳಿಯುತ್ತದೆ. ಬಾಯಿಗೂ ಸೆಟ್ಟಿಗೂ ನಡುವೆ ಹೀಗೆ ಬೆಳೆಯುವ ಅಂತರವನ್ನು ಅರ್ಥಮಾಡಿಕೊಂಡರೆ ಮುಂದಿನ ಸೂಚನೆಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ.

ಮೊದಲ ವಾರಗಳು

ಸೆಟ್ಟನ್ನು ನೀರಿನಲ್ಲಿ ಒದ್ದೆ ಮಾಡಿ, ಬೆರಳಿನಿಂದ ಒತ್ತಿ ಕೂರಿಸಬೇಕು. ಬಾಯಲ್ಲಿಟ್ಟುಕೊಂಡು ಕಚ್ಚಿ ಕೂರಿಸುವ ಅಭ್ಯಾಸದಿಂದ ಸೆಟ್ಟು ಬಿರುಕು ಬಿಡುತ್ತದೆ. ಮೇಲಿನ ಸೆಟ್ಟು ಅಂಗುಳಿಗೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಅಂಥ ಆಸರೆಯಿಲ್ಲ, ನಾಲಿಗೆ ಮತ್ತು ಕೆನ್ನೆಯ ಸ್ನಾಯುಗಳೇ ಅದನ್ನು ಹಿಡಿದಿಡಲು ಕಲಿಯಬೇಕು. ಆದ್ದರಿಂದ ಕೆಳಗಿನ ಸೆಟ್ಟು ಅಲುಗಿದ ಮಾತ್ರಕ್ಕೆ ಕಟ್ಟಿದವರ ಕೆಲಸ ಕೆಟ್ಟಿದೆ ಎಂದು ತೀರ್ಮಾನಿಸುವುದು ಅವಸರವಾದೀತು. ಮೊದಲಿಗೆ ಬಾಯಲ್ಲಿ ಜೊಲ್ಲು ಹೆಚ್ಚಾಗುವುದೂ ಸಹಜ, ಅದು ಕೆಲವು ದಿನಗಳಲ್ಲಿ ತಗ್ಗುತ್ತದೆ. ‘ತ’, ‘ದ’, ‘ನ’ಗಳನ್ನು ಉಚ್ಚರಿಸುವಾಗ ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂಬದಿಯನ್ನು ಮುಟ್ಟಬೇಕಾದ್ದರಿಂದ ಮಾತು ತೊದಲಿದಂತಾಗುತ್ತದೆ, ‘ಸ’ಕಾರದಲ್ಲಿ ಸಿಳ್ಳೆ ಸೇರಿಕೊಳ್ಳುತ್ತದೆ. ದಿನವೂ ಬೆಳಗಿನ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದುವುದು ಇದಕ್ಕೆ ಒಳ್ಳೆಯ ಸಾಧನೆ.

ಅಲುಗಾಟವನ್ನು ಸಹಿಸಬಹುದು, ನೋವನ್ನು ಸಹಿಸಬಾರದು. ಮೆಟ್ಟಿನ ಹೋಲಿಕೆ ತಪ್ಪುವುದು ಇಲ್ಲಿಯೇ. ಅಂಗಾಲಿನ ಚರ್ಮ ದಪ್ಪಗಟ್ಟಿ ಒಗ್ಗಿಕೊಳ್ಳುತ್ತದೆ, ಒಸಡು ಹುಣ್ಣಾಗುತ್ತದೆ. ನೋಯುವ ಕಡೆ ಸೆಟ್ಟನ್ನು ಒಂದಿಷ್ಟು ತೇಯ್ದರೆ ಸಾಕಾಗುತ್ತದೆ. ಆದರೆ ಆ ಕೆಲಸ ವೈದ್ಯರದು, ಮನೆಯಲ್ಲಿ ಅರದಿಂದಲೋ ಉಪ್ಪುಕಾಗದದಿಂದಲೋ ಉಜ್ಜಿದ ಸೆಟ್ಟನ್ನು ಮತ್ತೆ ಸರಿಮಾಡುವುದು ಕಷ್ಟ. ನೋವೆಂದು ಸೆಟ್ಟನ್ನು ನಾಲ್ಕು ದಿನ ಡಬ್ಬಿಯಲ್ಲಿಟ್ಟು ಆಮೇಲೆ ತೋರಿಸಲು ಹೋಗುವವರು ಬಹಳ. ಅಷ್ಟರಲ್ಲಿ ಕೆಂಪಾಗಿದ್ದ ಗುರುತು ಮಾಯವಾಗಿ, ಎಲ್ಲಿ ತೇಯಬೇಕೆಂಬುದು ವೈದ್ಯರಿಗೆ ಕಾಣುವುದೇ ಇಲ್ಲ. ಹೋಗುವ ದಿನ ಕೆಲವು ಗಂಟೆಯಾದರೂ ಸೆಟ್ಟು ಹಾಕಿಕೊಂಡೇ ಹೋಗಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು ಅಥವಾ ಬಿಳಿ, ಕೆಂಪು ಮಚ್ಚೆಯಿದ್ದರೆ, ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿಯ ರೂಢಿಯಿರುವವರಂತೂ ಒಂದು ದಿನವೂ ತಡಮಾಡದೆ ತೋರಿಸಿಕೊಳ್ಳಬೇಕು. ಬಾಯಿಯ ಕ್ಯಾನ್ಸರ್ ಹೀಗೆಯೇ ಆರಂಭವಾಗುವುದುಂಟು. ಹಲ್ಲಿಲ್ಲದವರೂ ವರ್ಷಕ್ಕೊಮ್ಮೆ ಬಾಯಿ ತೋರಿಸಿಕೊಳ್ಳಬೇಕೆನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಊಟ

ಪೂರ್ತಿ ಸೆಟ್ಟು ಹಾಕಿಕೊಂಡವರ ಅಗಿಯುವ ಬಲ ಸ್ವಂತ ಹಲ್ಲಿನ ಬಲದ ಸುಮಾರು ಕಾಲು ಭಾಗ ಮಾತ್ರ. ಈ ವಿಷಯದಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು; ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮೊದಲ ವಾರ ಮುದ್ದೆ, ಬಸ್ಸಾರು, ಮೆತ್ತಗೆ ಬೆಂದ ಅನ್ನ, ಹಿತಕಿದ ಅವರೆಬೇಳೆ ಸಾರಿನಲ್ಲಿ ಸುಖವಾಗಿ ಕಳೆಯಬಹುದು. ಒಂದು ಎಚ್ಚರಿಕೆಯಿದೆ. ಮೇಲಿನ ಸೆಟ್ಟು ಅಂಗುಳನ್ನು ಮುಚ್ಚಿಬಿಡುವುದರಿಂದ ಬಿಸಿಯ ಅರಿವು ಕಡಿಮೆಯಾಗುತ್ತದೆ, ಹಬೆಯಾಡುವ ಮುದ್ದೆಯ ತುತ್ತು ಬಾಯಿ ದಾಟಿ ಗಂಟಲಿಗೆ ಇಳಿದ ಮೇಲಷ್ಟೇ ಸುಡುತ್ತದೆ. ಆದ್ದರಿಂದ ಬಿಸಿಯನ್ನು ಬೆರಳಲ್ಲಿ ನೋಡಿಕೊಂಡೇ ತುತ್ತು ಮುರಿಯಬೇಕು. ಅಗಿಯುವ ಪದಾರ್ಥವನ್ನು ಸಣ್ಣ ತುಂಡು ಮಾಡಿ, ಒಂದೇ ಬದಿಗೆ ತಳ್ಳದೆ, ಎರಡೂ ಬದಿಯಲ್ಲಿ ಒಟ್ಟಿಗೆ ಅಗಿಯುವುದನ್ನು ರೂಢಿಸಿಕೊಂಡರೆ ಸೆಟ್ಟು ಒಂದು ಕಡೆ ಎದ್ದುಬರುವುದಿಲ್ಲ. ಮುಂಭಾಗದ ಹಲ್ಲಿನಿಂದ ಕಚ್ಚಿ ಎಳೆದರೆ ಸೆಟ್ಟಿನ ಹಿಂಭಾಗ ಮೇಲೇಳುತ್ತದೆ. ಚಕ್ಕುಲಿ, ನಿಪ್ಪಟ್ಟುಗಳನ್ನು ಮುರಿದು ಹಿಂದಿನ ಹಲ್ಲಿಗೆ ಕೊಡಬಹುದು. ಕಬ್ಬನ್ನು ಸಿಗಿಯುವ ಆಸೆಯನ್ನು ಮಾತ್ರ ಬಿಡಬೇಕು, ಹಾಲಿನ ರೂಪದಲ್ಲಿ ಅದು ಎಲ್ಲ ರಸ್ತೆಯಲ್ಲೂ ಸಿಗುತ್ತದೆ.

ತೊಳೆಯುವುದು, ರಾತ್ರಿ ತೆಗೆದಿಡುವುದು

ಹುಳುಕು ಹಿಡಿಯದ ಹಲ್ಲಿಗೆ ಶುಚಿ ಏಕೆ ಎಂದು ಕೇಳುವವರಿದ್ದಾರೆ. ಹುಳುಕು ಹಿಡಿಯದಿದ್ದರೂ ಸೆಟ್ಟಿನ ಮೇಲೆ ಲೋಳೆ ಕಟ್ಟುತ್ತದೆ, ಅದರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದು ಅಂಗುಳು ಕೆಂಪಾಗಿ ಉರಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಇನ್ನೂ ಹೆಚ್ಚು. ಆದರೆ ಉಜ್ಜುವ ಉತ್ಸಾಹ ಮೀರಬಾರದು. ಟೂತ್‌ಪೇಸ್ಟು, ಇದ್ದಿಲು, ಉಪ್ಪು, ಅಷ್ಟೇಕೆ ನಮ್ಮ ನಂಜನಗೂಡಿನ ಹಲ್ಲುಪುಡಿಯೂ ಸ್ವಂತ ಹಲ್ಲಿಗೆ ಮೀಸಲು. ದಂತಕವಚಕ್ಕಿಂತ ಅಕ್ರಿಲಿಕ್ ಎಷ್ಟೋ ಮೆದುವಾದುದರಿಂದ ತರಿಯಾದ ಯಾವ ಪುಡಿಯಿಂದಲೂ ಅದರ ಮೇಲೆ ಗೀರು ಬೀಳುತ್ತದೆ, ಆ ಗೀರುಗಳಲ್ಲೇ ಲೋಳೆ ಮನೆಮಾಡುತ್ತದೆ. ಮೆತ್ತನೆಯ ಬ್ರಶ್ಶು, ಪಾತ್ರೆ ತೊಳೆಯುವ ದ್ರವಸೋಪಿನ ಒಂದೆರಡು ಹನಿ, ತಣ್ಣೀರು ಇಷ್ಟಿದ್ದರೆ ಸಾಕು. ಒಸಡಿಗೆ ತಾಗುವ ಒಳಮೈಯನ್ನು ಹೊರಮೈಗಿಂತ ಹೆಚ್ಚು ಗಮನವಿಟ್ಟು ಉಜ್ಜಬೇಕು, ಕನ್ನಡಿಯಲ್ಲಿ ಕಾಣುವುದು ಹೊರಮೈ ಮಾತ್ರವಾದ್ದರಿಂದ ಹೆಚ್ಚಿನವರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಕೈಜಾರಿ ಸಿಂಕಿಗೋ ಕಲ್ಲಿಗೋ ಬಿದ್ದರೆ ಸೆಟ್ಟು ಒಡೆಯುವುದರಿಂದ, ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಂಡು ತೊಳೆಯುವುದು ಕ್ಷೇಮ. ಕುದಿಯುವ ನೀರಿನಲ್ಲಿ ಹಾಕಿದರೆ ಕ್ರಿಮಿ ಸಾಯುತ್ತದೆ ಎಂಬ ಲೆಕ್ಕದಲ್ಲಿ ಸೆಟ್ಟೇ ಸೊಟ್ಟಗಾಗುತ್ತದೆ. ಬೋರ್‌ವೆಲ್ ನೀರು ಬಳಸುವ ಹಳ್ಳಿಗಳಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ, ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಹಾಕಿ ಉಜ್ಜಿದರೆ ಸಡಿಲವಾಗುತ್ತದೆ. ತಂತಿ, ಲೋಹವಿರುವ ಸೆಟ್ಟಿಗೆ ಬ್ಲೀಚ್ ತಾಗಿಸಬಾರದು. ಅಂಗಡಿಯಲ್ಲಿ ಸಿಗುವ ಶುಚಿಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಸೆಟ್ಟನ್ನು ನೆನೆಸುವುದಷ್ಟೇ. ಅದು ಬಾಯಿಗೆ ಹಾಕಿಕೊಳ್ಳುವ ಮಾತ್ರೆಯಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕು.

ಮಲಗುವಾಗ ಸೆಟ್ಟು ತೆಗೆದರೆ ಮುಖದ ಆಕಾರ ಕೆಡುತ್ತದೆಂದು ರಾತ್ರಿಯಿಡೀ ಹಾಕಿಕೊಂಡಿರುವುದು ಎಲ್ಲಕ್ಕಿಂತ ಹಾನಿಕರವಾದ ತಪ್ಪು. ಒಸಡಿಗೆ ವಿಶ್ರಾಂತಿ ಬೇಕು. ಜಪಾನಿನಲ್ಲಿ 85 ವರ್ಷ ಮೀರಿದವರನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಸುಮಾರು ಎರಡರಷ್ಟು ಎಂದು ಕಂಡುಬಂದಿತು. ಒಂದೆರಡು ಹಲ್ಲಿನ ಸಣ್ಣ ಸೆಟ್ಟಾದರೆ ನಿದ್ದೆಯಲ್ಲಿ ನುಂಗಿಬಿಡುವ ಭಯವೂ ಉಂಟು. ಹಲ್ಲು ಕಿತ್ತ ದಿನವೇ ಹಾಕಿದ ಸೆಟ್ಟಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ, ಮೊದಲ ರಾತ್ರಿ ವೈದ್ಯರು ಹೇಳಿದಂತೆ ನಡೆದುಕೊಳ್ಳಬೇಕು. ತೆಗೆದ ಸೆಟ್ಟು ಒಣಗಿದರೆ ಆಕಾರ ಕೆಡುವುದರಿಂದ ಮುಚ್ಚಳವಿರುವ ಡಬ್ಬಿಯಲ್ಲಿ, ದಿನವೂ ಬದಲಿಸಿದ ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಆ ಹೊತ್ತಿನಲ್ಲೇ ಒಸಡು, ಅಂಗುಳು, ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು.

ಸೆಟ್ಟು ಸಡಿಲವಾದಾಗ

ಸಡಿಲವಾದ ಸೆಟ್ಟಿಗೆ ಅಂಟುವ ಪೇಸ್ಟೇ ಪರಿಹಾರವೆಂದು ದಿನದಿನಕ್ಕೆ ಅದರ ಪ್ರಮಾಣ ಹೆಚ್ಚಿಸುತ್ತ ಹೋಗುವವರಿದ್ದಾರೆ. ಸರಿಯಾಗಿ ಕೂರುವ ಸೆಟ್ಟಿಗೆ ಅಲ್ಪ ಪ್ರಮಾಣದಲ್ಲಿ ಅದು ನೆರವಾದೀತು. ಸತುವಿರುವ ಪೇಸ್ಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದರೆ ದೇಹದಲ್ಲಿ ತಾಮ್ರದ ಅಂಶ ಕುಗ್ಗಿ ನರಗಳಿಗೆ ತೊಂದರೆಯಾಗುತ್ತದೆ. ಮೂಳೆ ಸವೆದು ಉಂಟಾದ ಸಂದನ್ನು ಮುಚ್ಚಲು ಸೆಟ್ಟಿನ ಒಳಮೈಗೆ ಹೊಸ ಪದರ ಹಾಕಿಸುವುದು, ಅದೂ ಸಾಲದಾದಾಗ ಸೆಟ್ಟನ್ನೇ ಬದಲಿಸುವುದು ಸರಿಯಾದ ದಾರಿ. ಕೆಲವರಲ್ಲಿ ಸಡಿಲಕ್ಕೆ ಕಾರಣ ಮೂಳೆಯಲ್ಲ, ಒಣಗಿದ ಬಾಯಿ. ಜೊಲ್ಲಿಲ್ಲದೆ ಸೆಟ್ಟು ಅಂಟಿ ನಿಲ್ಲುವುದಿಲ್ಲ, ರಕ್ತದೊತ್ತಡವೂ ಸೇರಿದಂತೆ ಹಲವು ಕಾಯಿಲೆಗಳ ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಆದ್ದರಿಂದ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಬೇಕು. ಒಡೆದ ಸೆಟ್ಟನ್ನು ಚಪ್ಪಲಿ ಅಂಟಿಸುವ ಗೋಂದಿನಿಂದ ಕೂಡಿಸಿದರೆ ತುಂಡುಗಳು ಕೂದಲೆಳೆಯಷ್ಟು ಓರೆಯಾದರೂ ರಿಪೇರಿ ಅಸಾಧ್ಯವಾಗುತ್ತದೆ.

ಖರ್ಚಿಗೆ ಹೆದರಿ ಸುಮ್ಮನಿರಬೇಕಾಗಿಲ್ಲ. ಮೈಸೂರಿನ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ಕಾಲೇಜುಗಳಲ್ಲಿ ಹಲ್ಲುಸೆಟ್ಟಿಗೇ ಪ್ರತ್ಯೇಕ ವಿಭಾಗವಿದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಸೆಟ್ಟು ಕೊಡಲೆಂದೇ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆಯನ್ನು ತಂದಿತ್ತು. ಅದರ ಈಗಿನ ನಿಯಮಗಳನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು. ಹೋಗುವಾಗ ಪಡಿತರ ಚೀಟಿ, ಆಧಾರ್‌ಗಳ ಜೊತೆಗೆ ಹಳೆಯ ಸೆಟ್ಟನ್ನೂ, ಒಡೆದಿದ್ದರೆ ಅದರ ಎಲ್ಲ ತುಂಡುಗಳನ್ನೂ, ನೀರಿನ ಡಬ್ಬಿಯಲ್ಲಿ ಕೊಂಡೊಯ್ಯಬೇಕು.