ಗನ್ ತಡೆಯಲು ಹೋಗಿ ಗೋಣಿಚೀಲ ಕಳೆದುಕೊಳ್ಳಬೇಡಿ

2018ರ ಫೆಬ್ರವರಿ ಕೊನೆಯಲ್ಲಿ ಬರ್ಗಂಡಿ ವೈನ್ ಹುಡುಕಿದವರಿಗೆ ಗೂಗಲ್ ಶಾಪಿಂಗ್ ಖಾಲಿ ಪುಟ ತೋರಿಸಿತು. ಅಂಟು ಹಚ್ಚುವ ಗ್ಲೂ ಗನ್, ಮಕ್ಕಳ ವಾಟರ್ ಗನ್, ಗನ್ಸ್ ಎನ್ ರೋಸಸ್ ತಂಡದ ಟೀ ಶರ್ಟು, ಎಲ್ಲಕ್ಕೂ ಅದೇ ಗತಿ. ಇಂಗ್ಲಿಷಿನ ಜಿ, ಯು, ಎನ್ ಒಟ್ಟಿಗೆ ಎಲ್ಲಿ ಕಂಡರೂ ಯಂತ್ರ ಬಾಗಿಲು ಹಾಕುತ್ತಿತ್ತು. ಬರ್ಗಂಡಿಯ ಹೊಟ್ಟೆಯಲ್ಲಿ ಆ ಮೂರೂ ಸಾಲಾಗಿ ಕೂತಿವೆ. ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಗುಂಡಿಗೆ ಬಲಿಯಾಗಿ ಆಗಿನ್ನೂ ಎರಡು ವಾರ. ಸರಿಪಡಿಸುತ್ತಿದ್ದೇವೆ ಎಂದು ಕಂಪನಿ ಹೇಳಿತು, ಸರಿಯೂ ಆಯಿತು.

ನಗುವುದಕ್ಕೆ ಮುಂಚೆ ನನ್ನದೂ ಕೇಳಿ. ಹತ್ತಾರು ವ್ಯಾಪಾರಿಗಳು ಸೇರಿ ಮಾರುವ ಒಂದು ಸಣ್ಣ ಜಾಲತಾಣಕ್ಕೆ ಇಂಥದ್ದೇ ತಡೆ ಬರೆದುಕೊಟ್ಟವನು ನಾನು. ಮಾರನೇ ದಿನವೇ ಹಾರ್ಡ್‌ವೇರ್ ಅಂಗಡಿಯವರ ಫೋನು: 'ಏನ್ ಸಾರ್, ನಮ್ಮ ಗೋಣಿಚೀಲ ಕಾಣ್ತಾನೇ ಇಲ್ವಲ್ಲ?' ಗೋಣಿಚೀಲಕ್ಕೆ ಇಂಗ್ಲಿಷಿನಲ್ಲಿ ಗನ್ನಿ ಬ್ಯಾಗ್. ನಮ್ಮ ಕಡೆಯ ಗೋಣಿಯೇ ಸಮುದ್ರ ದಾಟಿ ಗನ್ನಿಯಾಗಿ ವಾಪಸು ಬಂದು ನನ್ನ ಬಲೆಗೆ ಬಿದ್ದಿತ್ತು. ಅಂಥ ತಾಣ ಕಟ್ಟುವವರಿಗೂ ಕಟ್ಟಿಸುವವರಿಗೂ ಮುಂದಿನ ಹೆಜ್ಜೆಗಳು.

ಹೆಜ್ಜೆ 1: ಪದಗಳ ಪಟ್ಟಿ ಬೇಡ, ಸಾಮಾನಿನ ಪಟ್ಟಿ ಬರೆಯಿರಿ

ಗೂಗಲ್‌ನ ಖರೀದಿ ಹುಡುಕಾಟ 2002ರಲ್ಲಿ ಫ್ರೂಗಲ್ ಎಂಬ ಹೆಸರಿನಲ್ಲಿ ಶುರುವಾದಾಗ ಸಾಮಾನು ತೋರಿಸಲು ಅಂಗಡಿಯವರು ದುಡ್ಡು ಕೊಡಬೇಕಿರಲಿಲ್ಲ. 2012ರಲ್ಲಿ ಅದು ಗೂಗಲ್ ಶಾಪಿಂಗ್ ಆಗಿ, ದುಡ್ಡು ಕೊಟ್ಟವರ ಸಾಮಾನು ಮಾತ್ರ ತೋರಿಸುವ ಜಾಗವಾಯಿತು, 2020ರವರೆಗೂ ಹಾಗೇ ಇತ್ತು. ಸಾಮಾನಿನ ಪಟ್ಟಿಯೇ ಜಾಹೀರಾತು ಆದ ಮೇಲೆ ಜಾಹೀರಾತಿನ ನಿಯಮವೂ ಅಂಟಿಕೊಂಡಿತು, ಬಂದೂಕು, ಮದ್ದುಗುಂಡು ಹೊರಬಿದ್ದವು. ಮಾಮೂಲಿ ಹುಡುಕಾಟಕ್ಕೆ ಈ ನಿಯಮ ಇಲ್ಲ. ಬಂದೂಕಿನ ಬಗ್ಗೆ ಓದಲು, ಅಂಗಡಿಯ ವಿಳಾಸ ಹುಡುಕಲು ಅಲ್ಲಿ ಅಡ್ಡಿಯಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಜಗಳಕ್ಕೆ ಇಳಿಯುವವರು ಬಹಳ.

ಆ ನಿಯಮವನ್ನು ಓದಿದರೆ ಒಂದು ಗೊತ್ತಾಗುತ್ತದೆ: ಅಲ್ಲಿರುವುದು ಪದಗಳಲ್ಲ, ವಸ್ತುಗಳು ಮತ್ತು ಅವು ಮಾಡುವ ಕೆಲಸ. ವೇಗವಾಗಿ ಗುಂಡು ಹಾರಿಸುವ ಸಾಧನ ಬೇಡ, ಆಟದ ಪೇಂಟ್‌ಬಾಲ್ ಗನ್ ಕೂಡ ಬೇಡ, ಆದರೆ ಬಂದೂಕಿನ ಕುದುರೆಗೆ ಹಾಕುವ ಬೀಗ ಆಗಬಹುದು.

ನಮ್ಮ ಕಾನೂನಿನ ದಾರಿಯೂ ಇದೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧ ಎನ್ನುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಮಾಡಿದ್ದಾದರೆ ಬಿಟ್ಟುಬಿಡುತ್ತವೆ. ತೆಂಗಿನಕಾಯಿ ಕೆತ್ತುವ ಮಚ್ಚಿಗೂ ಕತ್ತಿವರಸೆಯ ಕತ್ತಿಗೂ ವ್ಯತ್ಯಾಸ ಬರುವುದು ಅಲ್ಲಿ. ಏರ್ ಗನ್ನಿಗೂ ಅಳತೆ ಇದೆ: 20 ಜೌಲ್ ಶಕ್ತಿ ಅಥವಾ .177 ಇಂಚಿನ ಬೋರ್ (ನಳಿಗೆಯ ಒಳ ಅಗಲ) ದಾಟಿದರೆ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಂತ ಅವರಿಗೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಮಾರಬಹುದು ಅಂತಲ್ಲ. ನಿಮ್ಮ ತಾಣದಲ್ಲಿ ಕೋವಿ ಬೇಡ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಆಕಾರದ ಬೆಳ್ಳಿ ಬ್ರೋಚ್ ಇರಲಿ.

ಈ ಪಟ್ಟಿ ಬರೆಯಲು ಒಂದು ಮಧ್ಯಾಹ್ನ ಹಿಡಿಯುತ್ತದೆ. ಬರೆಯದೆ ಮುಂದಕ್ಕೆ ಹೋಗಬೇಡಿ.

ಹೆಜ್ಜೆ 2: ಯಂತ್ರದ ಕಣ್ಣಿನಿಂದ ಕನ್ನಡ ಓದಿ

ನಾವು 'ಜಗನ್ನಾಥ' ಎಂದು ಓದುತ್ತೇವೆ. ಯಂತ್ರ ಓದುವುದು ಜ, ಗ, ನ, ಹಲಂತ (್), ನ, ಆಕಾರದ ಚಿಹ್ನೆ (ಾ), ಥ. 'ಗನ್' ಎಂದರೆ ಅದಕ್ಕೆ ಗ, ನ, ಹಲಂತ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಜಗನ್ನಾಥನೊಳಗೆ ಗನ್ ಸಿಕ್ಕಿತು. ಗಗನ್ ಎಂಬ ಹುಡುಗನ ಹೆಸರು ಹಾಕಿಸಿದ ನಾಮಫಲಕವೂ ಸಿಕ್ಕಿಬಿದ್ದಂತೆಯೇ.

'ಕೋವಿ' ತಡೆದರೆ ಕೋವಿಡ್ ಕಿಟ್ ಹೋಯಿತು. 'ಗುಂಡು' ತಡೆದರೆ ಗುಂಡುಸೂಜಿ, ಗುಂಡುಮಲ್ಲಿಗೆ, ರುಬ್ಬುಗುಂಡು. 'ಶಸ್ತ್ರ' ತಡೆದರೆ ಶಸ್ತ್ರಚಿಕಿತ್ಸೆಯ ಕೈಗವಸು. ಬಿಲ್ಲುಬಾಣವೂ ಇರಲಿ ಎಂದು 'ಬಾಣ' ಸೇರಿಸಿದಿರೋ, ಬಾಣಲೆಯೂ ಬಾಣಂತಿ ಲೇಹ್ಯವೂ ಒಟ್ಟಿಗೆ ಮಾಯ. 'ಮದ್ದು' ತಡೆದರೆ ಕೆಮ್ಮಿನ ಮದ್ದು ಸಿಗುವುದಿಲ್ಲ. ಮದ್ದೂರು ವಡೆ ಮಾತ್ರ ಬಚಾವು, ದೂ ದೀರ್ಘವಾಗಿರುವ ಪುಣ್ಯ.

ಇದು ಹಳೇ ಕಾಯಿಲೆ. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲು ಆಗಲಿಲ್ಲ, ಯಾಕೆಂದರೆ ಊರಿನ ಸ್ಪೆಲಿಂಗ್ ನಡುವೆ ಒಂದು ಬೈಗುಳ ಅಡಗಿತ್ತು. ಇಂದಿಗೂ ಈ ತೊಂದರೆಗೆ ಆ ಊರಿನದೇ ಹೆಸರು.

ಹೆಜ್ಜೆ 3: ಇಡೀ ಪದ ನೋಡಿದರೂ ಸಾಲದು

ತುಣುಕು ಬಿಟ್ಟು ಪೂರ್ತಿ ಪದ ಹೊಂದಿದರೆ ಮಾತ್ರ ತಡೆಯಿರಿ ಎಂದು ಯಾರಾದರೂ ಹೇಳುತ್ತಾರೆ. ಬರ್ಗಂಡಿಗೆ ಅದು ಸರಿಯಾದ ಔಷಧ. ಕನ್ನಡಕ್ಕೆ ಅರ್ಧ ಔಷಧ. ನಮ್ಮಲ್ಲಿ ಪದ ಒಂಟಿಯಾಗಿ ನಿಲ್ಲುವುದೇ ಅಪರೂಪ: ಬಂದೂಕು ಎಂಬುದು ಬಂದೂಕಿನ, ಬಂದೂಕಿಗೆ, ಬಂದೂಕುಗಳು ಆಗುತ್ತದೆ, ಗನ್ ಎಂಬುದು ಗನ್ನು, ಗನ್ನಿಗೆ. ಪ್ರತ್ಯಯ ಕಳಚಿ ಮೂಲಪದಕ್ಕೆ ಇಳಿಸುವ ಒಂದು ಸಣ್ಣ ಪಟ್ಟಿ ನೀವೇ ಮಾಡಿಕೊಳ್ಳಬೇಕು. 'ಗನ್‌ಗಳು' ಎಂದು ಬಿಡಿಸಿ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಹೋಲಿಸುವ ಮುಂಚೆ ಅದನ್ನು ತೆಗೆಯಿರಿ. ನಾನು ಮರೆತು ಒಂದು ಸಂಜೆ ಕಳೆದೆ.

ಅಷ್ಟಾದರೂ ಗ್ಲೂ ಗನ್ ಉಳಿಯಿತು. ಹೀಟ್ ಗನ್, ಸ್ಪ್ರೇ ಗನ್, ಗ್ರೀಸ್ ಗನ್, ಮಸಾಜ್ ಗನ್, ಜ್ವರ ನೋಡುವ ಟೆಂಪರೇಚರ್ ಗನ್. ಇವುಗಳಲ್ಲಿ ಗನ್ ಪೂರ್ತಿ ಪದವೇ. ಹಿಂದಿನ ಪದವನ್ನೂ ಓದಿದರೆ ಮಾತ್ರ ಅರ್ಥ. ಹಾಗಾಗಿ ಜೋಡಿಪದಗಳ ಬಿಡುವಳಿ ಪಟ್ಟಿ ಒಂದು ಬೇಕೇ ಬೇಕು. 'ಕೋವಿಡ್ ಟೆಂಪರೇಚರ್ ಗನ್' ಎಂದು ಹುಡುಕಿದವರು ನನ್ನ ಬಲೆಯಲ್ಲಿ ಎರಡೆರಡು ಸಲ ಬಿದ್ದಿದ್ದರು, ಪಾಪ.

ಹೆಜ್ಜೆ 4: ಗಿರಾಕಿಯ ಬಾಯಿ ಮುಚ್ಚಿಸಬೇಡಿ, ಗೋದಾಮಿನ ಬಾಗಿಲಲ್ಲಿ ತಡೆಯಿರಿ

ನನ್ನ ಮಟ್ಟಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಗಿರಾಕಿ ಏನು ಬೇಕಾದರೂ ಟೈಪ್ ಮಾಡಲಿ. ಬಂದೂಕು ಪಟ್ಟಿಯಲ್ಲೇ ಇಲ್ಲದಿದ್ದರೆ ಅವರಿಗೆ ಸಿಗುವುದು ವಾಟರ್ ಗನ್ ಅಷ್ಟೆ. ವ್ಯಾಪಾರಿ ಸಾಮಾನು ಏರಿಸುವಾಗಲೇ ವರ್ಗ, ಉಪಯೋಗ, ಫೋಟೊ ಮೂರನ್ನೂ ಕೇಳಿ. ಪಿಸ್ತೂಲಿನ ಆಕಾರದ ಲೈಟರ್, ಹೆಸರಿನಲ್ಲಿ ಅಕ್ಷರ ತಿರುಚಿ ಬರೆದದ್ದು, ಇಂಥ ಕಳ್ಳದಾರಿಗಳು ಫೋಟೊ ನೋಡಿದ ತಕ್ಷಣ ಬಯಲಾಗುತ್ತವೆ. ಪದದ ತಡೆಗೆ ಎಂದೂ ಸಿಗುವುದಿಲ್ಲ. ಅನುಮಾನದ ಪದ ಕಂಡರೆ ಸಾಮಾನನ್ನು ತಿರಸ್ಕರಿಸದೆ ಒಬ್ಬ ಮನುಷ್ಯನ ಮುಂದಿಡಿ. ಸಣ್ಣ ತಾಣಕ್ಕೆ ದಿನಕ್ಕೆ ಹತ್ತು ನಿಮಿಷದ ಕೆಲಸ ಅದು.

ಹೆಜ್ಜೆ 5: ತಡೆದರೆ ತಡೆದೆ ಎನ್ನಿ

2018ರಲ್ಲಿ ಜನ ಕಂಡದ್ದು 'ಹೊಂದುವ ಫಲಿತಾಂಶ ಇಲ್ಲ' ಎಂಬರ್ಥದ ಒಂದು ಸಾಲು. ಸಾಮಾನು ಇಲ್ಲವೋ, ತೋರಿಸುತ್ತಿಲ್ಲವೋ ತಿಳಿಯದು. 'ಈ ವಸ್ತುವನ್ನು ನಮ್ಮಲ್ಲಿ ಮಾರುವುದಿಲ್ಲ' ಎಂದು ನೇರವಾಗಿ ಹಾಕಿ, ಕೆಳಗೆ 'ತಪ್ಪಾಗಿದೆಯೇ? ತಿಳಿಸಿ' ಎಂಬ ಗುಂಡಿ ಇಡಿ.

ವ್ಯಾಪಾರಿಗಳಿಗೂ ಒಂದು ಮಾತು. ಶೀರ್ಷಿಕೆಯಲ್ಲಿ ಕೆಲಸ ಮೊದಲು ಬರಲಿ: ಬರೀ 'ಗನ್ 60 ವ್ಯಾಟ್' ಬೇಡ, 'ಬಿಸಿ ಅಂಟು ಹಚ್ಚುವ ಗ್ಲೂ ಗನ್, 60 ವ್ಯಾಟ್' ಎನ್ನಿ. ಫೋಟೊದಲ್ಲಿ ಅಂಟಿನ ಕಡ್ಡಿಯೂ ಕಾಣಲಿ.

ಹೆಜ್ಜೆ 6: ಬಿಡುವ ಮುಂಚೆ ಹಳೇ ಆರ್ಡರುಗಳ ಮೇಲೆ ಓಡಿಸಿ

ಕಳೆದ ತಿಂಗಳ ಆರ್ಡರುಗಳನ್ನೆಲ್ಲ ಒಂದು ಕಡತಕ್ಕೆ ಇಳಿಸಿ, ತಡೆಯನ್ನು ಅದರ ಮೇಲೆ ಓಡಿಸಿ, ಸಿಕ್ಕಿಬಿದ್ದ ಒಂದೊಂದು ಸಾಲನ್ನೂ ಕಣ್ಣಾರೆ ಓದಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನೂ ಬಿಡಬೇಡಿ. ಗೋಣಿಚೀಲ ಸರಿಮಾಡಿ ಎರಡು ವಾರದ ಮೇಲೆ ನಾನು ಖಾಲಿ ಫಲಿತಾಂಶದ ಪಟ್ಟಿ ತೆಗೆದು ನೋಡಿದೆ. ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಅದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿ ಹೋಗಿದ್ದರು: ಗುಂಡ್ಲುಪೇಟೆಗೆ ಡೆಲಿವರಿ ಇದೆಯಾ?